ಸೂಜಿಗಲ್ಲು, ಮಾವ ಮತ್ತು ನನ್ನ ಹೆಬ್ಬೆಟ್ಟು

ಒಬ್ಬೊಬ್ಬರ ಹಣೆಬರಹಕ್ಕೆ ಒಂದೊಂದು ವಸ್ತು ಗಂಟುಬಿದ್ದಿರುತ್ತದೆ. ನಮ್ಮ ಓಣಿಯಲ್ಲಿ ಒಬ್ಬರಿಗೆ ಕೊಡೆ ಗಂಟುಬಿದ್ದಿತ್ತು. ಮಳೆ ಬಂದಾಗ ಅದು ಬಿಚ್ಚುತ್ತಿರಲಿಲ್ಲ, ಬಿಸಿಲಿಗೆಂದು ಬಿಚ್ಚಿದರೆ ಮುಚ್ಚುತ್ತಿರಲಿಲ್ಲ. ಬಿಚ್ಚಿದ ಕೊಡೆ ಹಿಡಿದು ತಮ್ಮ ಮನೆಯ ಬಾಗಿಲಲ್ಲೇ ಸಿಕ್ಕಿಕೊಂಡು ನಿಂತಿರುತ್ತಿದ್ದರು, ಪಾಪ. ನನಗೆ ಗಂಟುಬಿದ್ದದ್ದು ಅಯಸ್ಕಾಂತ. ನಾನು ವಿಜ್ಞಾನದ ಮಾಸ್ತರ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹುನಗುಂದ, ಬಾದಾಮಿ, ಬಾಗಲಕೋಟೆ ಎಂದು ಎಲ್ಲಿಗೆ ವರ್ಗವಾದರೂ ಅದು ನನಗಿಂತ ಮೊದಲೇ ಹೋಗಿ ಕಪಾಟಿನಲ್ಲಿ ಕಾಯುತ್ತಾ ಕೂತಿರುತ್ತಿತ್ತು.

ಅದೊಂದೇ ಆಗಿದ್ದರೆ ಹೇಗೋ ಬದುಕುತ್ತಿದ್ದೆ. ನನ್ನ ಮಾನ ಹೋದಾಗಲೆಲ್ಲ ಪಕ್ಕದಲ್ಲಿ ನಮ್ಮ ಮಾವನೂ ಇರುತ್ತಿದ್ದರು.

ಮಾವ ಇಳಕಲ್ಲಿನವರು. ಮನೆಯಲ್ಲೇ ಮಗ್ಗ, ಮುಂದಿನ ಪಡಸಾಲೆಯಲ್ಲೇ ಸೀರೆ ವ್ಯಾಪಾರ. ಮಾತು ಕಡಿಮೆ. ನೇಕಾರ ಸೀರೆಯ ಒಡಲಿಗೆ ಸೆರಗನ್ನು ಒಂದೂ ಎಳೆ ತಪ್ಪದಂತೆ ಕೂಡಿಸಿದಾಗ ಮಾತ್ರ ಬೆರಳಿಂದ ಸವರಿ ನೋಡಿ "ಭಲೇ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನೇಕಾರರು ಊಟ ಬಿಟ್ಟು ನೇಯುತ್ತಿದ್ದರು. ನನಗೂ ಅದೇ ಆಸೆ. ಜೀವಮಾನದಲ್ಲಿ ಒಮ್ಮೆ, ಒಂದೇ ಒಮ್ಮೆ, ಮಾವನ ಬಾಯಿಂದ "ಭಲೇ" ಅನ್ನಿಸಿಕೊಳ್ಳಬೇಕು, ಅದೂ ನನ್ನ ವಿಜ್ಞಾನದಿಂದಲೇ ಅನ್ನಿಸಿಕೊಳ್ಳಬೇಕು. ಆ ಆಸೆ ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತು ಎಂಬುದನ್ನು ಹೇಳಲು ಈಗಲೂ ನಾಚಿಕೆ. ಆದರೂ ಹೇಳುತ್ತೇನೆ.

ಬಾಗಿಲಲ್ಲಿ ನಿಂತ ಯಜಮಾನರು

ಹುನಗುಂದದ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದೆ. ಲಗ್ನವಾಗಿರಲಿಲ್ಲ. ಪ್ರಯೋಗಶಾಲೆ ಎಂದರೆ ಒಂದು ಕಪಾಟು, ಅದರೊಳಗೆ ಮೂಗು ಮುರಿದ ಒಂದು ಗಾಜಿನ ಪಾತ್ರೆ, ಕಾಲಿಲ್ಲದ ತಕ್ಕಡಿ, ಕೆಂಪು ಬಣ್ಣ ಹಚ್ಚಿದ ಗೇಣುದ್ದದ ದಪ್ಪ ಅಯಸ್ಕಾಂತ. ಸೋಮವಾರ ಅದರ ಪಾಠ. ಹೊಸ ಹುಮ್ಮಸ್ಸು ನೋಡಿ, ತಯಾರಿ ಮಾಡಿಕೊಳ್ಳೋಣವೆಂದು ರವಿವಾರ ಅದನ್ನು ಖೋಲಿಗೇ ಒಯ್ದಿದ್ದೆ. ಅಂಗಿ ತೂಗುಹಾಕಲು ಗೋಡೆಗೊಂದು ಮೊಳೆ ಹೊಡೆಯುವುದಿತ್ತು. ಸುತ್ತಿಗೆ ಇರಲಿಲ್ಲ. ಕೈಯಲ್ಲಿ ಅದೇ ಇತ್ತು. ಒಂದು ಮೊಳೆ ಹೊಡೆದ ಮೇಲೆ ಕೈ ಸುಮ್ಮನಿರಬೇಕಲ್ಲ; ಟಾವೆಲ್ಲಿಗೊಂದು, ಕ್ಯಾಲೆಂಡರಿಗೊಂದು, ಕನ್ನಡಿಗೊಂದು ಎಂದು ಗೋಡೆ ತುಂಬ ಮೊಳೆ ಹೊಡೆದೆ.

ಸೋಮವಾರ ತರಗತಿಯಲ್ಲಿ ಪುಸ್ತಕ ಹಿಡಿದು ಗಂಭೀರವಾಗಿ ಓದಿದೆ: "ಅಯಸ್ಕಾಂತವನ್ನು ಕಾಯಿಸಬಾರದು. ಎತ್ತರದಿಂದ ಕೆಡವಬಾರದು. ಅದರಿಂದ ಯಾವುದನ್ನೂ ಬಡಿಯಬಾರದು. ಬಡಿದರೆ ಅದರ ಶಕ್ತಿ..." ಅಷ್ಟು ಓದುವಾಗ ಖೋಲಿಯ ಗೋಡೆ ಕಣ್ಮುಂದೆ ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಂತರು. ಶುಭ್ರ ಧೋತರ, ತಲೆಗೆ ರುಮಾಲು, ಕೈಯಲ್ಲೊಂದು ಚೀಲ. ಯಾವುದೋ ಹುಡುಗನ ತಂದೆ ಇರಬೇಕು ಎಂದುಕೊಂಡು ಉತ್ಸಾಹದಿಂದ ಕರೆದೆ. "ಬರ್ರಿ ಯಜಮಾನ್ರ, ಒಳಗ ಬರ್ರಿ. ವಿಜ್ಞಾನ ಅಂದ್ರ ಏನು ಅಂತ ನೀವೂ ನೋಡ್ರಿ."

ಅವರು ಬಾಗಿಲಲ್ಲೇ ನಿಂತರು. ನಾನು ಅಯಸ್ಕಾಂತವನ್ನು ಟಾಚಣಿಗಳ, ಅಂದರೆ ಗುಂಡುಪಿನ್ನುಗಳ, ಗುಡ್ಡೆಯೊಳಗೆ ಅದ್ದಿ ಎತ್ತಿದೆ. ಒಂದು ಟಾಚಣಿಯೂ ಬರಲಿಲ್ಲ. ಇನ್ನೊಂದು ತುದಿ ಅದ್ದಿದೆ, ಆಗಲೂ ಬರಲಿಲ್ಲ. ಇಡೀ ವರ್ಗ ಉಸಿರು ಹಿಡಿದು ನೋಡುತ್ತಿತ್ತು. ಮೂರನೆಯ ಸಲ ಅದ್ದಿದಾಗ ಒಂದು ಟಾಚಣಿಯನ್ನು ಹೆಬ್ಬೆಟ್ಟಿನಿಂದ ಮೆಲ್ಲಗೆ ಒತ್ತಿ ಹಿಡಿದು ಎತ್ತಿದೆ. "ನೋಡ್ರಿ! ಇದಕ್ಕ ಆಕರ್ಷಣೆ ಅಂತಾರ!"

ಹುಡುಗರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿದ್ದ ಯಜಮಾನರು ಮಾತ್ರ ತಣ್ಣಗೆ ಅಂದರು:

"ಹೆಬ್ಬಟ್ಟ ಬಿಡ್ರಿ, ಮಾಸ್ತರ."

ಬಿಟ್ಟೆ. ಟಾಚಣಿ ಟಣ್ ಎಂದು ಮೇಜಿನ ಮೇಲೆ ಬಿತ್ತು. ಹುಡುಗರು ನಕ್ಕ ಸದ್ದಿಗೆ ಪಕ್ಕದ ವರ್ಗದ ಮಾಸ್ತರರು ಓಡಿಬಂದರು. ನನ್ನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಯಜಮಾನರಿರಲಿಲ್ಲ. ಪೀಡೆ ಹೋಯಿತು ಎಂದುಕೊಂಡೆ.

ಮುಂದಿನ ವಾರ ಕನ್ಯೆ ನೋಡಲು ಇಳಕಲ್ಲಿಗೆ ಹೋದೆವು. ಪಡಸಾಲೆಯಲ್ಲಿ ಎದ್ದು ಬಂದು "ಬರ್ರಿ ಮಾಸ್ತರ, ಕುಂಡ್ರಿ" ಎಂದವರು ಅವರೇ! ಹುಡುಗನ ನೌಕರಿ ಖರೇ ಐತೋ ಇಲ್ಲೋ ನೋಡಿ ಬರಲು ಹುನಗುಂದಕ್ಕೆ ಬಂದಿದ್ದರಂತೆ. ನಾನು ತಲೆ ಎತ್ತಲಿಲ್ಲ. ಹುಡುಗಿಯ ಬದಲು ಜಮಖಾನೆಯನ್ನೇ ನೋಡಿದೆ. ಚಹಾ ಕೊಟ್ಟಾಗ ಹೆಬ್ಬೆಟ್ಟು ಕಾಣದಂತೆ ಕಪ್ಪು ಹಿಡಿಯಲು ಹೋಗಿ ಬಿಳಿ ಪ್ಯಾಂಟಿನ ಮೇಲೆ ಸುರಿದುಕೊಂಡೆ. ಆದರೂ ಅವರು ಮಗಳನ್ನು ಕೊಟ್ಟರು. ಯಾಕೆ ಕೊಟ್ಟರೆಂದು ನನಗೆ ತಿಳಿಯಲಿಲ್ಲ. ಲಗ್ನವಾದ ಮೇಲೆ ಹೆಂಡತಿಯನ್ನೇ ಕೇಳಿದೆ.

"ನಾನೂ ಕೇಳಿದ್ನಿ," ಎಂದಳು ಅವಳು. "ಅಪ್ಪ ಅಂದ: ಈ ಹುಡುಗ ಮೋಸಾ ಮಾಡಬೇಕಂದ್ರೂ ಅವಗ ಬರಂಗಿಲ್ಲ. ಅಂಥವನ ಮನ್ಯಾಗ ನೀ ಸುಖವಾಗಿರ್ತಿ."

ಸೂಜಿ ಸಿಕ್ಕಿತು

ಮೊದಲ ದೀಪಾವಳಿ. ಹೊಸ ಅಳಿಯನೆಂದು ಇಳಕಲ್ಲಿಗೆ ಕರೆದಿದ್ದರು. ಎಣ್ಣೆ ನೀರು, ಹೋಳಿಗೆ, ಹೊಸ ಅಂಗಿ, ಎಲ್ಲ ಆಗಿ ನಾನು ಲೋಡುದಿಂಬಿಗೆ ಒರಗಿ ಕೂತಿದ್ದೆ. ಒಳಗಿನಿಂದ ಅತ್ತೆಯವರ ಗಾಬರಿಯ ದನಿ ಕೇಳಿತು.

"ಅಯ್ಯ, ಸೂಜಿ ಎಲ್ಲಿ ಹೋತು?"

ಸೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬರು ಮದುವೆಗೆಂದು ಹೇಳಿ ಮಾಡಿಸಿದ ಸೀರೆ. ಕೆಂಪು ರೇಷ್ಮೆ ಸೆರಗು. ಸೆರಗಿನ ಅಂಚಿಗೆ ಗೊಂಡೆ ಕಟ್ಟುತ್ತಿದ್ದಾಗ ಸೂಜಿ ಜಾರಿ ಮಡಿಕೆಯೊಳಗೆ ಹೋಗಿತ್ತು. ಮದುಮಗಳಿಗೆ ಚುಚ್ಚಿದರೆ ಗತಿಯೇನು? ಮಾವ ಸೀರೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಲು ಕೈ ಹಾಕಿದರು.

ಇದಲ್ಲವೇ ಸಮಯ! "ನಿಲ್ರಿ ಮಾವಾರ!" ಎಂದು ಎದ್ದೇಬಿಟ್ಟೆ. "ಬಿಚ್ಚಬ್ಯಾಡ್ರಿ. ಅಯಸ್ಕಾಂತದ ಶಕ್ತಿ ಅರಿವಿ-ಬಟ್ಟಿ ದಾಟಿ ಹೋಗತೈತಿ. ಮ್ಯಾಲಿಂದನ ಹುಡುಕಬಹುದು."

ಚೀಲದಲ್ಲಿ ಹೊಸ ಅಯಸ್ಕಾಂತವಿತ್ತು. ಹಳೆಯದರ ಅವಮಾನ ತೊಳೆಯಲೆಂದೇ ನನ್ನ ಪಗಾರದಲ್ಲಿ ಕೊಂಡದ್ದು. ಸೀರೆಯ ಮೇಲಿಟ್ಟು ಮೆಲ್ಲಗೆ ಸರಿಸಿದೆ. ಒಂದು ಕಡೆ ಬಂದಾಗ ಕೈಗೆ ಜಗ್ಗಿದಂತಾಯಿತು. "ಸಿಕ್ತು!" ಎಂದು ಕೂಗಿದೆ. ನಾದಿನಿ, ನೇಕಾರರು, ಪಕ್ಕದ ಮನೆಯವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾವನೂ ನೋಡುತ್ತಿದ್ದರು. ಅಲ್ಲೇ ನಿಲ್ಲಿಸಿ ಆ ಜಾಗ ಬಿಚ್ಚಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಸೂಜಿಯನ್ನು ಅಂಚಿನವರೆಗೆ ಎಳೆದು ತಂದು, ಎಲ್ಲರ ಮುಂದೆ ಹೊರಗೆ ಹಾರಿಸಿ ತೋರಿಸಬೇಕೆಂಬ ಚಟ. ಅಯಸ್ಕಾಂತವನ್ನು ಝಮ್ಮನೆ ಎಳೆದೆ. ಒಳಗೆ ಎಲ್ಲೋ 'ಸರ್ರ್' ಎಂದಿತು.

ಸೂಜಿ ಬಂತು. ಅದರ ಹಿಂದೆ ಕೆಂಪು ರೇಷ್ಮೆ ಎಳೆಯೂ ಬಂತು. ಬಿಚ್ಚಿ ನೋಡಿದರೆ ಸೆರಗಿನ ನಟ್ಟನಡುವೆ ಗೇಣುದ್ದದ ಗೀರು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ.

ಮಾವ ಸೂಜಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅತ್ತೆಯ ಕೈಗೆ ಕೊಟ್ಟರು. "ತಗೋ. ಸೂಜಿ ಸಿಕ್ತು. ಇದರ್ಲಿಂದನ ಸೀರಿ ಹೊಲಿ."

ವ್ಯಾಪಾರಿಗೆ ಬೇರೆ ಸೀರೆ ನೇಯಿಸಬೇಕಾಯಿತು. ಹೊಲಿದ ಸೀರೆ ನನ್ನ ಹೆಂಡತಿಯ ಪಾಲಿಗೆ ಬಂತು. ಅವಳು ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬಾರದೇ? ಮದುವೆ, ಮುಂಜಿ, ಸೀಮಂತ, ಎಲ್ಲದಕ್ಕೂ ಅದೇ ಸೀರೆ. ಯಾರಾದರೂ ಹೆಣ್ಣುಮಕ್ಕಳು "ಇದೇನ್ರಿ, ಸೆರಗಿನ ಮ್ಯಾಲ ಹೊಲಿಗಿ?" ಎಂದು ಕೇಳಿದರೆ ಸಾಕು, ತಡವಿಲ್ಲದೆ ಹೇಳುತ್ತಿದ್ದಳು: "ಇದು ನಮ್ಮ ಮನಿಯವರ ವಿಜ್ಞಾನ್ರಿ."

ಸೂರ್ಯ ಎಡಕ್ಕೆ ಹುಟ್ಟಿದ ಊರು

ಅಂದಿನಿಂದ ಹೆಂಡತಿ ಒಂದು ಕಾಯದೆ ಮಾಡಿದಳು. ತವರಿನ ಹೊಸ್ತಿಲು ದಾಟುವ ಮೊದಲು ನನ್ನ ಕಿಸೆ ತಪಾಸಣೆ. ಇಳಕಲ್ಲಿನ ಬಾಗಿಲಲ್ಲಿ ನಾನು ಎರಡೂ ಕಿಸೆ ಹೊರಗೆ ಎಳೆದು ತೋರಿಸಿ ಒಳಗೆ ಹೋಗಬೇಕು. ಓಣಿಯ ಜನ ಇದನ್ನು ಯಾವುದೋ ಹೊಸ ಸಂಪ್ರದಾಯವೆಂದು ತಿಳಿದಿದ್ದರು.

ಆದರೆ ಆ ಕಾಯದೆ ಬಾದಾಮಿಯ ನನ್ನ ಮನೆಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿಗೆ ವರ್ಗವಾಗಿ ಬಾಡಿಗೆ ಮನೆ ಹಿಡಿದಿದ್ದೆವು. ಒಂದು ದಿನ ಸಂಜೆ ಮಾವ ಮೊಮ್ಮಗಳನ್ನು ನೋಡಲು ಬಂದರು. ಬಾದಾಮಿ ಗೊತ್ತಲ್ಲ, ಸುತ್ತ ಕೆಂಪು ಕಲ್ಲಿನ ಗುಡ್ಡ. ಅವತ್ತು ಮೋಡ ಬೇರೆ ಕವಿದಿತ್ತು. ಊಟವಾಯಿತು. ಕಬ್ಬಿಣದ ಮಂಚದ ಮೇಲೆ ಹಾಸಿಗೆ ಹಾಸಿದೆವು. ಮಾವ ದಿಂಬು ಹಿಡಿದು ನಿಂತೇ ಇದ್ದರು.

"ಅಳಿಯಾರ, ಉತ್ತರ ಯಾ ಕಡೆ ಬರತೈತಿ? ಹೊಸಾ ಮನಿ, ತಿಳಿವಲ್ದು. ಉತ್ತರಕ್ಕ ತಲಿ ಹಾಕಬಾರದು ನೋಡ್ರಿ."

ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ದಿಕ್ಸೂಚಿ ತಂದಾಗಿತ್ತು. "ಮಾವಾರ, ಗುಡ್ಡಾ ನೋಡಬ್ಯಾಡ್ರಿ, ಮೋಡಾ ನೋಡಬ್ಯಾಡ್ರಿ. ಇದರ ಸೂಜಿ ಎಂದೂ ಸುಳ್ಳ ಹೇಳಂಗಿಲ್ಲ."

ಅದನ್ನು ಮಂಚದ ಮೇಲೆಯೇ ಇಟ್ಟೆ. ಸೂಜಿ ಮಂಚದ ತಲೆಯ ಕಡೆ ತೋರಿಸಿತು. "ಅದ ಉತ್ತರ. ಮಂಚ ತಿರುಗಸ್ರಿ" ಎಂದೆ. ತಿರುಗಿಸಿದೆವು. ಸೂಜಿಯೂ ತಿರುಗಿತು, ಮತ್ತೆ ತಲೆಯ ಕಡೆಗೇ ತೋರಿಸಿತು! ಇನ್ನೊಮ್ಮೆ ತಿರುಗಿಸಿದೆವು. ಸಾಕಿದ ನಾಯಿಯ ಹಾಗೆ ಅದೂ ಬೆನ್ನು ಹತ್ತಿ ಬಂತು. ಮಂಚದ ಕಬ್ಬಿಣವೇ ಸೂಜಿಯನ್ನು ಎಳೆಯುತ್ತಿದೆ ಎಂಬುದು ನನ್ನ ಎಂಟನೇ ಇಯತ್ತೆಯ ಹುಡುಗರಿಗೂ ಹೊಳೆಯುತ್ತಿತ್ತು. ಮಾವ ನೋಡುತ್ತಾ ನಿಂತಾಗ ನನಗೆ ಏನೂ ಹೊಳೆಯುತ್ತಿರಲಿಲ್ಲ. ಮಂಚ ಕೋಣೆಯನ್ನೆಲ್ಲ ಸುತ್ತಿತು. ನಡುವೆ ದಿಕ್ಸೂಚಿ ಕೆಳಗೆ ಬಿದ್ದು, ಮಂಚದ ಕಾಲು ಅದರ ಮೇಲೆ ಹತ್ತಿ ಗಾಜು ಪುಡಿಯಾಯಿತು. ಸೂಜಿಗೆ ಏನೂ ಆಗಲಿಲ್ಲ. ಕಡೆಗೆ ಒಂದು ಮೂಲೆಯಲ್ಲಿ ಅದು ಯಾವ ಕಾರಣಕ್ಕೋ ಕಾಲ ಕಡೆ ತೋರಿಸಿ ನಿಂತಿತು. "ಈಗ ತಲಿ ತೆಂಕಣಕ್ಕ ಬಂತು. ನಿಶ್ಚಿಂತಿಲೆ ಮಲ್ಕೋರಿ" ಎಂದು ಬೆವರು ಒರೆಸಿಕೊಂಡೆ.

ಬೆಳಿಗ್ಗೆ ಮಾವ ಎದ್ದು ಕೂತು, ಬಹಳ ದಿನದ ಮೇಲೆ ಇಂಥ ನಿದ್ದೆ ಬಂತು ಎಂದರು. ನನಗೆ ಎದೆ ಉಬ್ಬಿತು. ಮೋಡ ಹರಿದಿತ್ತು. ಕಿಟಕಿಯಿಂದ ಬಿಸಿಲು ಬಂದು ಅವರ ಎಡಗೆನ್ನೆಯ ಮೇಲೆ ಬಿತ್ತು. ತೆಂಕಣಕ್ಕೆ ತಲೆ ಹಾಕಿ ಮಲಗಿ ಎದ್ದವನಿಗೆ ಅದು ಬಲಗೆನ್ನೆಯ ಮೇಲೆ ಬೀಳಬೇಕು. ಮಾವ ಬಿಸಿಲನ್ನು ನೋಡಿದರು, ದಿಂಬನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಳಿಯಾರ, ನಿಮ್ಮ ಬಾದಾಮಿಯೊಳಗ ಸೂರ್ಯಾ ಎಡಕ್ಕ ಹುಟ್ತಾನೇನು?"

ಅವತ್ತು ಅವರು ಎರಡು ಸಲ ಸ್ನಾನ ಮಾಡಿ, ಬನಶಂಕರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಗಾಜು ಒಡೆದ ದಿಕ್ಸೂಚಿಯನ್ನು ಹೆಂಡತಿ ಜಪ್ತಿ ಮಾಡಿ, ನನ್ನ ಕೈಗೆ ಸಿಗಬಾರದೆಂದು ತವರಿನ ಟ್ರಂಕಿನಲ್ಲೇ ಒಯ್ದು ಇಟ್ಟಳು.

ಯಾರೋ ಒಬ್ಬ ಮಾಸ್ತರ

ಇದು ಸಣ್ಣದು. ಆದರೆ ಮರ್ಯಾದೆ ಹೋಗಲು ದೊಡ್ಡದೇ ಬೇಕೆಂದಿಲ್ಲವಲ್ಲ.

ಬಾಗಲಕೋಟೆಗೆ ವರ್ಗವಾಗಿತ್ತು. ಹಳೆ ಸಾಮಾನಿನ ಅಂಗಡಿಯಲ್ಲಿ ಕೆಟ್ಟ ಧ್ವನಿವರ್ಧಕದಿಂದ ಬಿಚ್ಚಿದ, ಚಕ್ಕುಲಿಯಷ್ಟಗಲದ ಅಯಸ್ಕಾಂತ ಸಿಕ್ಕಿತು. ಅಷ್ಟು ಜೋರಿನದನ್ನು ನಾನು ಕಂಡಿರಲಿಲ್ಲ. ಕೈಚೀಲಕ್ಕೆ ಹಾಕಿಕೊಂಡೆ. ಅವತ್ತೇ ಮಾವ ನೂಲು ತರಲು ಬಾಗಲಕೋಟೆಗೆ ಬಂದಿದ್ದರು. ಇಬ್ಬರೂ ಕೂಡಿ ಇಳಕಲ್ ಬಸ್ಸು ಹತ್ತಿದೆವು. ಅವರಿಗೆ ಮುಂದೆ ಜಾಗ ಸಿಕ್ಕಿತು, ನನಗೆ ಹಿಂದೆ.

ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ನನ್ನ ಪಕ್ಕ ಒರಗಿ ನಿಂತು ಚಿಲ್ಲರೆ ಹುಡುಕುತ್ತಾ, ಟಿಕೆಟ್ ತೂತು ಮಾಡುವ ಪಂಚಿನ ಕೈಯನ್ನು ನನ್ನ ತೊಡೆಯ ಮೇಲಿನ ಚೀಲಕ್ಕೆ ಊರಿದ. ಚಿಲ್ಲರೆ ಕೊಟ್ಟು ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಬಸ್ಸು ನಿಂತಿತು.

"ನನ್ನ ಪಂಚ ಯಾರ ತಗೊಂಡ್ರಿ? ಪಂಚ ಸಿಗೂತನ ಗಾಡಿ ಬಿಡಂಗಿಲ್ಲ!"

ಜನ ಸೀಟಿನ ಕೆಳಗೆಲ್ಲ ಹುಡುಕಿದರು. ನಾನೂ ಬಗ್ಗಿ, ಪಕ್ಕದವರ ಗಂಟುಗಳನ್ನು ಎತ್ತಿಸಿ, "ನೋಡ್ರಿ, ಸರಿಯಾಗಿ ನೋಡ್ರಿ" ಎಂದು ಎಲ್ಲರಿಗಿಂತ ಜೋರಾಗಿ ಹುಡುಕಿದೆ. ಆಗ ಒಬ್ಬ ಅಜ್ಜಿ ನನ್ನ ಚೀಲದ ಕಡೆ ಬೆರಳು ಮಾಡಿದಳು. ಚೀಲದ ಬದಿಗೆ ಪಂಚು ಜಿಗಣೆಯ ಹಾಗೆ ಹತ್ತಿಕೊಂಡು ಕೂತಿತ್ತು. ಕಂಡಕ್ಟರ್ ಕಿತ್ತುಕೊಳ್ಳಲು ಹೋದರೆ ಬರಲೊಲ್ಲದು.

"ಏನ್ರಿ ಇದು, ಕಟ್ಟಿ ಇಟ್ಕೊಂಡೀರೇನು?"

"ಇಲ್ರಿ, ಅದು ಆಕರ್ಷಣೆ. ನಾ ಮಾಸ್ತರ ಅದೇನಿ..."

"ಮಾಸ್ತರ ಆಗಿ ಹಿಂಥಾ ಕೆಲಸಾ?" ಎಂದ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಮಾವನೂ ತಿರುಗಿದರು. "ಇವರನ್ನ ಕೇಳ್ರಿ" ಎನ್ನುವಂತೆ ನಾನು ಅವರತ್ತ ನೋಡಿದೆ. ಅವರು ಅಷ್ಟೇ ನಿಧಾನವಾಗಿ ಮುಖ ತಿರುಗಿಸಿ ಕಿಟಕಿಯ ಹೊರಗಿನ ಜೋಳದ ಹೊಲ ನೋಡತೊಡಗಿದರು.

ಇಳಕಲ್ಲಿನಲ್ಲಿ ಇಳಿದು ಮನೆಯವರೆಗೆ ನಡೆದೆವು. ಹೊಸ್ತಿಲ ಹತ್ತಿರ ಬಂದಾಗ ಮಾವ ಕೇಳಿದರು:

"ಬಸ್ಸಿನ್ಯಾಗ ಯಾರೋ ಮಾಸ್ತರ ಪಂಚ ಕದ್ದು ಸಿಕ್ಕಬಿದ್ನಂತ. ನಿಮಗ ಗುರ್ತ ಐತೇನ್ರಿ?"

ಎಮ್ಮೆಯ ಸಾಕ್ಷಿ

ಇಷ್ಟಾದ ಮೇಲೆ ನಾನು ಆಸೆ ಬಿಟ್ಟಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ. ಆದರೆ ನನ್ನ ಮಾನಕ್ಕಾಗಿ ಬಂದದ್ದು ಎಮ್ಮೆ.

ಮಾವನ ಮನೆಯಲ್ಲೊಂದು ಎಮ್ಮೆ ಇತ್ತು. ಅದರ ಹಾಲಿನ ಚಹಾ ಕುಡಿಯದೆ ಮಾವ ಮಗ್ಗದ ಕಡೆ ತಿರುಗುತ್ತಿರಲಿಲ್ಲ. ಮನುಷ್ಯರ ಜೊತೆ ಆಡದ ಮಾತನ್ನೆಲ್ಲ ಅದರ ಜೊತೆ ಆಡುತ್ತಿದ್ದರು. ಒಮ್ಮೆ ರಜೆ ಹಾಕಿ ನಾವು ಅಲ್ಲಿಗೆ ಹೋದಾಗ ಆ ಎಮ್ಮೆ ಮೇವು ಬಿಟ್ಟು, ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ಮಾವ ಅದರ ಪಕ್ಕ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. ಮಗ್ಗದ ಸದ್ದೂ ನಿಂತಿತ್ತು.

ದನದ ಡಾಕ್ಟರು ಬಂದು ನೋಡಿದರು. "ಮೇವಿನ ಜೋಡಿ ಸೂಜಿನೋ ಮೊಳಿನೋ ನುಂಗೇತ್ರಿ. ಒಳಗ ಚುಚ್ಚಾಕತ್ತೈತಿ. ಹೊಟ್ಟಿ ಕೊಯ್ದು ತಗೀಬೇಕು, ಅದು ಇಲ್ಲೆ ಆಗಂಗಿಲ್ಲ."

ಸೂಜಿ! ಆ ಮನೆಯಲ್ಲಿ ಸೂಜಿ ಎಂದ ಕೂಡಲೇ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವತ್ತು ಹೆಂಡತಿಯ ಕಣ್ಣಲ್ಲಿ ನೀರಿತ್ತು. ನನ್ನನ್ನು ಮೂಲೆಗೆ ಕರೆದಳು.

"ಏನರ ಮಾಡ್ರಿ. ಅಪ್ಪನ ಮಾರಿ ನೋಡಾಕ ಆಗವಲ್ದು."

"ನೀನ ಕಿಸೆ ತಪಾಸ್ ಮಾಡಿ ಒಳಗ ಬಿಟ್ಟಿಯಲ್ಲ. ನನ್ನ ಕಡೆ ಏನೈತಿ?"

"ಹೋಗಿ ತರ್ರಿ," ಎಂದಳು.

ನಾನು ಯಾವುದೋ ಪುಸ್ತಕದಲ್ಲಿ ಓದಿದ್ದೆ. ಪರದೇಶದಲ್ಲಿ ದನಗಳಿಗೆ ಸಣ್ಣ ಅಯಸ್ಕಾಂತ ನುಂಗಿಸುತ್ತಾರಂತೆ, ಅದು ಒಳಗೇ ಉಳಿದು ಸೂಜಿ ಮೊಳೆಗಳನ್ನು ತನಗೆ ಅಂಟಿಸಿಕೊಂಡು ಚುಚ್ಚದಂತೆ ಹಿಡಿಯುತ್ತದಂತೆ. ಡಾಕ್ಟರಿಗೆ ಅಂಜುತ್ತಂಜುತ್ತ ಹೇಳಿದೆ. "ನಾನೂ ಕೇಳೇನಿ. ಕೊಟ್ಟ ನೋಡ್ರಿ," ಎಂದರು ಅವರು. "ಆದ್ರ ಒಳಗ ಹೋಗಿದ್ದು ಮತ್ತ ಹೊರಗ ಬರಂಗಿಲ್ಲ, ತಿಳಕೋರಿ."

ಬಾಗಲಕೋಟೆಗೆ ಬಸ್ಸು ಹತ್ತಿದೆ. ಶಾಲೆಯ ಕಪಾಟಿನಲ್ಲಿ ಬೆರಳುದ್ದದ ಒಂದು ಒಳ್ಳೆ ಅಯಸ್ಕಾಂತವಿತ್ತು. ಹೆಡ್‌ಮಾಸ್ತರರು ಊರಲ್ಲಿರಲಿಲ್ಲ. ಬಂದ ಮೇಲೆ ಹೇಳಿ, ಬೇರೆಯದು ತಂದಿಟ್ಟರಾಯಿತು ಎಂದುಕೊಂಡು ಅದನ್ನು ತಂದೆ. ಬೆಲ್ಲದ ಉಂಡೆಯೊಳಗಿಟ್ಟು, ರೊಟ್ಟಿಯಲ್ಲಿ ಸುತ್ತಿ, ಮಾವನೇ ಎಮ್ಮೆಯ ಬಾಯಿಗೆ ಕೊಟ್ಟರು. ಅದು ನುಂಗಿತು. ನಾನು ಮನೆದೇವರನ್ನೆಲ್ಲ ನೆನೆದೆ.

ಒಂದು ದಿನ ಏನೂ ಆಗಲಿಲ್ಲ. ಮರುದಿನ ನೀರು ಕುಡಿಯಿತು. ಅದರ ಮರುದಿನ ಒಂದು ಹಿಡಿ ಮೇವು ಬಾಯಿಗೆ ಹಾಕಿತು. ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಮಾವ ತಂಬಿಗೆ ತುಂಬ ಹಾಲು ಹಿಡಿದು ಬಂದರು. ಎಲ್ಲರೂ ಪಡಸಾಲೆಯಲ್ಲಿ ಚಹಾಕ್ಕೆ ಕೂತೆವು. ಮಾವ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು. ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಕಂಡೇ ಇರಲಿಲ್ಲ. ತುಟಿ ಬಿಚ್ಚಿತು. ನನ್ನ ಎದೆ ಮಗ್ಗದ ಹಾಗೆ ಬಡಿಯುತ್ತಿತ್ತು.

"ಶರಣ್ರಿ, ಸೀರಿ ನೋಡಬೇಕಿತ್ತು," ಎಂದಿತು ಬಾಗಿಲಲ್ಲೊಂದು ದನಿ.

ನೋಡಿದರೆ ನಮ್ಮ ಹೆಡ್‌ಮಾಸ್ತರರು! ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದರು. ನನ್ನನ್ನು ಕಂಡು ಚಪ್ಪಲಿ ಬಿಡುವುದನ್ನೇ ಮರೆತರು.

"ಓಹೋ, ಇಲ್ಲೇ ಅದೀರೇನು? ನಿನ್ನೆ ಕಪಾಟ ತಗದ ನೋಡಿದ್ನಿ. ಅಯಸ್ಕಾಂತ ಎಲ್ಲೈತಿ ಮಾಸ್ತರ?"

"ಐತ್ರಿ ಸರ್."

"ಎಲ್ಲೈತಿ?"

"ಇಲ್ಲೇ... ಎಮ್ಮಿ ಹೊಟ್ಟ್ಯಾಗ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ನೌಕರಿಯೊಳಗ ಗೆದ್ದಲ ತಿಂತು ಅಂದವರನ್ನ ನೋಡೇನಿ. ಇಲಿ ತಿಂತು ಅಂದವರನ್ನ ನೋಡೇನಿ. ಎಮ್ಮಿ ತಿಂತು ಅಂದವರು ನೀವ ಮೊದಲು. ಮಾರಿಕೊಂಡಿದ್ರ ಮಾರಿಕೊಂಡೇನಿ ಅನ್ರಿ, ಸರ್ಕಾರಿ ಸಾಮಾನದು."

ಮಾವನ ಎದುರಿಗೆ ಎರಡನೆಯ ಸಲ ಕಳ್ಳನಾದೆ. ಬಸ್ಸಿನಲ್ಲಾದರೆ ಅವರು ಕಿಟಕಿಯ ಹೊರಗೆ ನೋಡಿದ್ದರು. ಇಲ್ಲಿ ನೋಡಲು ಕಿಟಕಿಯೂ ಇರಲಿಲ್ಲ. "ಸಾಬೀತ ಮಾಡ್ತೇನ್ರಿ ಸರ್!" ಎಂದುಬಿಟ್ಟೆ. ಹೇಗೆ ಎಂದು ನನಗೂ ತಿಳಿದಿರಲಿಲ್ಲ. ಹೆಂಡತಿ ಒಳಗೆ ಹೋಗಿ, ಟ್ರಂಕು ತೆಗೆದು, ಗಾಜು ಒಡೆದ ಬಾದಾಮಿಯ ದಿಕ್ಸೂಚಿಯನ್ನು ತಂದು ಕೈಗಿಟ್ಟಳು. ಆ ಕ್ಷಣ ಅವಳ ಕಾಲಿಗೆ ಬೀಳಬೇಕೆನಿಸಿತು.

ಎಲ್ಲರೂ ಕೊಟ್ಟಿಗೆಗೆ ನಡೆದೆವು. ಹೆಡ್‌ಮಾಸ್ತರರು, ಮಾವ, ಅತ್ತೆ, ನಾದಿನಿ, ಹಿಂದೆ ನೇಕಾರರು. "ಸರ್, ಒಳಗ ಅಯಸ್ಕಾಂತ ಇದ್ರ ಈ ಸೂಜಿ ಅದರ ಕಡೆ ಹೊಳ್ಳತೈತಿ," ಎಂದು ಎಮ್ಮೆಯ ದೊಡ್ಡ ಹೊಟ್ಟೆಯ ಪಕ್ಕ ದಿಕ್ಸೂಚಿ ಹಿಡಿದೆ.

ಸೂಜಿ ಅಲುಗಲಿಲ್ಲ. ತನ್ನ ಪಾಡಿಗೆ ತಾನು ಉತ್ತರ ನೋಡುತ್ತಾ ನಿಂತಿತು. ಬಾದಾಮಿಯಲ್ಲಿ ಬೇಕಾದಾಗ ತೋರಿಸದ ಉತ್ತರವನ್ನು ಇಲ್ಲಿ ತೋರಿಸುತ್ತಿತ್ತು, ಹಾಳಾದ್ದು!

"ಎಮ್ಮಿಗಿ ವಿಜ್ಞಾನ ಗೊತ್ತಿಲ್ಲೇನೋ," ಎಂದರು ಹೆಡ್‌ಮಾಸ್ತರರು. ಹಿಂದೆ ಯಾರೋ ಕಿಸಕ್ಕೆಂದರು. ನುಂಗಿದ್ದು ಹೊಟ್ಟೆಯ ಮುಂದಿನ ಚೀಲದಲ್ಲಿ, ಮುಂಗಾಲಿನ ಹಿಂದೆ ನಿಲ್ಲುತ್ತದೆಂದು ಡಾಕ್ಟರು ಹೇಳಿದ್ದು ನೆನಪಾಯಿತು. ದಿಕ್ಸೂಚಿಯನ್ನು ಎಡ ಮುಂಗಾಲಿನ ಹಿಂದಕ್ಕೆ ಒಯ್ದೆ. ಆದರೆ ಆ ಹೊತ್ತಿಗೆ ನನಗೆ ವಿಜ್ಞಾನದ ಮೇಲಿನ ನಂಬಿಕೆಯೇ ಹಾರಿಹೋಗಿತ್ತು. ಗಾಜಿಲ್ಲದ ಸೂಜಿ ಬಯಲಿಗೇ ಇತ್ತಲ್ಲ, ಕೈ ತನ್ನಿಂದ ತಾನೇ ಹಳೆಯ ಚಾಳಿಗೆ ಇಳಿಯಿತು. ಹೆಬ್ಬೆಟ್ಟನ್ನು ಮೆಲ್ಲಗೆ ಸರಿಸಿ, ಸೂಜಿಯನ್ನು ಎಮ್ಮೆಯ ಕಡೆ ಒಂದಿಷ್ಟು ನೂಕಿ ಹಿಡಿದೆ. "ನೋಡ್ರಿ ಸರ್, ಹೊಳ್ಳಾಕತ್ತೈತಿ..."

ಬೆನ್ನ ಹಿಂದಿನಿಂದ ತಣ್ಣಗೆ ಒಂದು ದನಿ ಬಂತು.

"ಹೆಬ್ಬಟ್ಟ ಬಿಡ್ರಿ, ಅಳಿಯಾರ."

ಹುನಗುಂದದ ಟಾಚಣಿ ಕಿವಿಯಲ್ಲಿ ಟಣ್ ಎಂದಿತು. ಕಣ್ಣು ಮುಚ್ಚಿಕೊಂಡು ಹೆಬ್ಬೆಟ್ಟು ಬಿಟ್ಟೆ.

ಯಾರೂ ನಗಲಿಲ್ಲ. ಮೆಲ್ಲಗೆ ಒಂದು ಕಣ್ಣು ತೆರೆದೆ. ಸೂಜಿ ಗರ್ರನೆ ತಿರುಗಿ, ನಾನು ನೂಕಿದ್ದಕ್ಕಿಂತಲೂ ಮುಂದೆ ಹೋಗಿ, ನೆಟ್ಟಗೆ ಎಮ್ಮೆಯ ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ನಿಂತಿತ್ತು. ಈ ಜಾಗದಲ್ಲಿ ಅದನ್ನು ಪೂರ್ತಿ ತಿರುಗಗೊಡದೆ ಹಿಡಿದಿದ್ದದ್ದೇ ನನ್ನ ಹೆಬ್ಬೆಟ್ಟು! ಎಮ್ಮೆ ನೊಣ ಓಡಿಸಲು ಒಂದು ಹೆಜ್ಜೆ ಮುಂದೆ ಇಟ್ಟಿತು. ಸೂಜಿಯೂ ಅದರ ಜೊತೆ ಮುಂದಕ್ಕೆ ಹೊರಳಿತು. ಹಿಂದೆ ಸರಿಯಿತು. ಸೂಜಿಯೂ ಹಿಂದೆ ಬಂತು. ನೇಕಾರರು ಹೋ ಎಂದರು.

ಹೆಡ್‌ಮಾಸ್ತರರು ಬಗ್ಗಿ, ಎಮ್ಮೆಯನ್ನೂ ಸೂಜಿಯನ್ನೂ ಬಹಳ ಹೊತ್ತು ನೋಡಿದರು. "ಸಾಮಾನ ಐತಿ, ಒಪ್ಪಿದೆ," ಎಂದರು. "ಆದ್ರ ವರ್ಷಕ್ಕೊಮ್ಮೆ ತಪಾಸಣಿಗಿ ಸಾಲಿಗೆ ಹಾಜರ ಮಾಡಬೇಕಾಗತೈತಿ, ಮಾಸ್ತರ."

"ಎಮ್ಮಿನ್ನೇನ್ರಿ?"

"ಮತ್ತೇನ ಮಾಡ್ತೀರಿ? ಇಲ್ಲಾಂದ್ರ ಹೊಸಾದು ತಂದಿಡ್ರಿ." ಅಷ್ಟು ಹೇಳಿ ಸೀರೆ ನೋಡಲು ಪಡಸಾಲೆಗೆ ಹೋದರು.

ಆಗ ಕೇಳಿಸಿತು. ಇಷ್ಟು ವರ್ಷ ನಾನು ಕಾದಿದ್ದ ಮಾತು, ಮಾವನ ದನಿಯಲ್ಲಿ, ಸ್ಪಷ್ಟವಾಗಿ: "ಭಲೇ!"

ಕಣ್ಣು ತುಂಬಿ ಬಂತು. ಎರಡೂ ಕೈ ಜೋಡಿಸಿ ತಿರುಗಿದೆ. ಮಾವ ಎಮ್ಮೆಯ ಬೆನ್ನು ತಟ್ಟುತ್ತಿದ್ದರು. ನನ್ನ ಜೋಡಿಸಿದ ಕೈಗಳನ್ನು ನೋಡಿ, ಒಂದು ಗಳಿಗೆ ತಡೆದು, ನನ್ನ ಬೆನ್ನನ್ನೂ ಅದೇ ಕೈಯಿಂದ ಒಮ್ಮೆ ತಟ್ಟಿದರು.

"ನಿಮ್ಮ ವಿಜ್ಞಾನ ಖರೇನ ಐತಿ, ಅಳಿಯಾರ," ಎಂದರು. "ಖೊಟ್ಟಿ ಇರೂದು ಆ ಹೆಬ್ಬಟ್ಟೊಂದ."